ಅರ್ಧದಾರಿಯಲ್ಲಿ ನಿಂತ ಹಣ

ಕೊಡುವುದು, ಕೊಳ್ಳುವುದು ಎಂಬ ಎರಡು ಕ್ರಿಯೆಗಳು ಏಕಕಾಲದಲ್ಲಿ ನಡೆಯತಕ್ಕವೆಂದು ನಮ್ಮ ಹಿರಿಯರು ತಿಳಿದಿದ್ದರು. ಒಂದು ಕೈ ನಾಣ್ಯವನ್ನು ನೀಡುತ್ತಿರುವಾಗಲೇ ಇನ್ನೊಂದು ಕೈ ಪದಾರ್ಥವನ್ನು ಹಿಡಿಯುತ್ತಿತ್ತು. ನಾನು ಬಾಲಕನಾಗಿದ್ದಾಗ ನಮ್ಮ ತುಮಕೂರು ಸೀಮೆಯ ಜಾತ್ರೆಗಳಲ್ಲಿ ನಾಟಕದ ಕಂಪೆನಿಗಳವರು ಡೇರೆ ಹಾಕುತ್ತಿದ್ದರು. ೧೮೮೪ನೆಯ ಇಸವಿಯಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಸಂಘದ ಹೆಸರನ್ನು ಕೇಳದ ಕನ್ನಡಿಗರು ವಿರಳವಷ್ಟೆ. ಆ ಸೀಮೆಯವರಾದ ನಮಗೆ ನಾಟಕದ ಗೀಳು ಹುಟ್ಟಿನೊಡನೆಯೇ ಬಂದದ್ದು. ಡೇರೆಯ ಮುಂದೆ ಒಂದು ತಗಡಿನ ಗೂಡು. ಗೂಡಿಗೆ ಅಂಗೈಯಗಲದ ಒಂದು ಕಂಡಿ. ಕಂಡಿಯೊಳಗೆ ದುಡ್ಡು ಹೋಗುತ್ತಿತ್ತು, ಕಂಡಿಯಿಂದ ಚೀಟಿ ಬರುತ್ತಿತ್ತು. ಒಳಗಿದ್ದವನ ಮುಖವನ್ನು ನಾವು ನೋಡಲಿಲ್ಲ, ನಮ್ಮ ಮುಖವನ್ನು ಅವನು ನೋಡಲಿಲ್ಲ. ಆದರೂ ಹಣ ಸಂದಿತೋ ಇಲ್ಲವೋ ಎಂಬ ಸಂಶಯಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಈಗ ಆ ಕಂಡಿಯು ಮೊಬೈಲಿನೊಳಗೆ ಬಂದು ಕುಳಿತಿದೆ. ಮನೆಯ ಜಗುಲಿಯಲ್ಲಿಯೇ ಕುಳಿತು ಟಿಕೀಟು ಕೊಳ್ಳಬಹುದು. ಆದರೆ ನೀಡುವ ಕೈಗೂ ಹಿಡಿಯುವ ಕೈಗೂ ನಡುವೆ ಹಿಂದೆ ಇಲ್ಲದಿದ್ದ ಒಂದು ಅಂತರವು ಉಂಟಾಗಿದೆ. ಬಹುಮಟ್ಟಿಗೆ ಅದು ಕೆಲವು ಕ್ಷಣಗಳ ಅಂತರ; ಒಮ್ಮೊಮ್ಮೆ ಕೆಲವು ದಿನಗಳದು. ಆ ಅಂತರದಲ್ಲಿ ಹಣವು ತ್ರಿಶಂಕುವಿನಂತೆ ನಿಂತುಬಿಡುವುದುಂಟು. ಅದನ್ನು ತಿಳಿಯದೆ ನಾನು ಮಾಡಿದ ಒಂದು ತಪ್ಪನ್ನೂ, ತಿಳಿದ ಬಳಿಕ ಕಲಿತ ಕೆಲವು ಸಂಗತಿಗಳನ್ನೂ ವಾಚಕರಲ್ಲಿ ಅರಿಕೆಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಖಜಾಂಚಿಯ ಪದವಿ

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ನಮ್ಮ ಊರಿನ ಗೆಳೆಯರು ತಮ್ಮ ಸಾಹಿತ್ಯ ಸಂಘಕ್ಕೆ ನನ್ನನ್ನು ಖಜಾಂಚಿಯನ್ನಾಗಿ ಮಾಡಿದರು. ಹೈಸ್ಕೂಲಿನ ಪುಸ್ತಕ ಭಂಡಾರಕ್ಕೆ ಬೀರುಗಳನ್ನು ಮಾಡಿಸಬೇಕೆಂದು, ಕುಮಾರವ್ಯಾಸ ಭಾರತದ ಒಂದು ಗಮಕ ವಾಚನವನ್ನೂ ಮಕ್ಕಳ ಒಂದು ನಾಟಕವನ್ನೂ ಒಂದೇ ಸಂಜೆಗೆ ಏರ್ಪಡಿಸಿದೆವು. ಮುನ್ನೂರು ಕುರ್ಚಿಗಳ ಮಂದಿರ. ಕುರ್ಚಿಯೊಂದಕ್ಕೆ ಇನ್ನೂರು ರೂಪಾಯಿ. ಟಿಕೀಟುಗಳನ್ನು ಆನ್‌ಲೈನ್ ಮೂಲಕ ಮಾರಬೇಕೆಂದು ತರುಣರು ಹಟಹಿಡಿದರು. ನಾನು ಒಪ್ಪಿದೆನು.

ವಾರ ಕಳೆಯುವಷ್ಟರಲ್ಲಿ ಮಾರಾಟದ ಲೆಕ್ಕದ ಜೊತೆಗೆ ಇನ್ನೊಂದು ಪಟ್ಟಿಯೂ ಬೆಳೆಯುತ್ತಿರುವುದು ನನ್ನ ಕಣ್ಣಿಗೆ ಬಿದ್ದಿತು. ಅದರ ನೆತ್ತಿಯ ಮೇಲೆ ‘ಅಪೂರ್ಣ’ವೆಂಬ ಮಾತು. ಹೆಸರು, ದೂರವಾಣಿಯ ಸಂಖ್ಯೆ, ಮೊಬಲಗು ಎಲ್ಲವೂ ಇವೆ. ಹಣವೊಂದು ಮಾತ್ರ ಬಂದಿಲ್ಲ. ಕಾರ್ಯಕ್ರಮದ ದಿನ ಬೆಳಗ್ಗೆ ಎಣಿಸಿದಾಗ ಆ ಪಟ್ಟಿಯಲ್ಲಿ ನಾಲ್ವತ್ತೊಂದು ಸಾಲುಗಳಿದ್ದುವು. ನಾಲ್ವತ್ತೊಂದು ಮಂದಿ ಬಾಗಿಲವರೆಗೆ ಬಂದು ಹಿಂದಿರುಗಿದರೆಂದು ನಾನು ಬಗೆದೆನು. ಕೆಲವರು ಚಪಲಚಿತ್ತರು, ಕೆಲವರು ಹಣವಿಲ್ಲದೆ ಆಸೆಪಟ್ಟವರು, ಇನ್ನು ಕೆಲವರು ಪುಕ್ಕಟೆಯಾಗಿ ನುಸುಳಲು ನೋಡಿದವರು ಎಂದು ಮನಸ್ಸಿನಲ್ಲಿಯೇ ವಿಂಗಡಿಸಿಬಿಟ್ಟೆನು. ಮೂವತ್ತು ವರ್ಷ ಹಾಜರಿ ಪುಸ್ತಕವನ್ನು ಹಿಡಿದ ಕೈಗೆ ಇಂಥ ತೀರ್ಪುಗಳು ಬಲು ಸುಲಭ.

ಸಂಜೆ ಬಾಗಿಲಲ್ಲಿ ಪಟ್ಟಿಯನ್ನು ಹಿಡಿದು ನಿಂತಿದ್ದೆನು. ನನ್ನ ಹಳೆಯ ಶಿಷ್ಯರೊಬ್ಬರು ತಮ್ಮ ಮುದಿ ತಾಯಿಯನ್ನೂ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಬಂದರು. ನಾಲ್ಕು ಟಿಕೀಟು, ಎಂಟುನೂರು ರೂಪಾಯಿ. ಖಾತೆಯಿಂದ ಹಣ ಕಳೆದುಹೋಗಿದೆಯೆಂದು ಬ್ಯಾಂಕು ಕಳುಹಿದ ಸಂದೇಶವನ್ನು ತೋರಿಸಿದರು. ನನ್ನ ಪಟ್ಟಿಯನ್ನು ನೋಡಿದರೆ ಅವರ ಹೆಸರು ‘ಅಪೂರ್ಣ’ದ ಕೆಳಗಿದೆ. “ಹಣ ನಮಗೆ ಬಂದಿಲ್ಲವಪ್ಪಾ, ಮತ್ತೊಮ್ಮೆ ಕೊಟ್ಟು ಒಳಗೆ ಹೋಗು. ಮೊದಲಿನದು ಬಂದರೆ ಹಿಂದಕ್ಕೆ ಕೊಡುತ್ತೇವೆ” ಎಂದೆನು. ಆತ ತಗ್ಗಿದ ದನಿಯಲ್ಲಿ, “ತಿಂಗಳ ಕೊನೆ, ಸಾರ್, ಖಾತೆಯಲ್ಲಿ ಇದ್ದದ್ದೇ ಅಷ್ಟು” ಎಂದರು. ಹಿಂದೆ ಜನ ನಿಂತಿದ್ದರು, ಎಲ್ಲರೂ ಕೇಳಿದರು. ಎಲ್ಲರಿಗೂ ಒಂದೇ ನಿಯಮವೆಂದು ನಾನು ಹೇಳಿದೆನು. ಆಗ ಆ ವೃದ್ಧೆ ಮಗನ ತೋಳನ್ನು ಹಿಡಿದು, “ನಡಿಯಪ್ಪಾ, ಮೇಷ್ಟ್ರು ಹೇಳುತ್ತಾರೆಂದ ಮೇಲೆ ಸರಿಯಾಗಿಯೇ ಇರಬೇಕು” ಎಂದರು. ನಾಲ್ವರೂ ಹೊರಟುಹೋದರು.

ಗಮಕಿಗಳು ಆ ಸಂಜೆ ಸೊಗಸಾಗಿ ಹಾಡಿದರು. ಹಿಂದಿನ ಸಾಲುಗಳಲ್ಲಿ ಹನ್ನೊಂದು ಕುರ್ಚಿಗಳು ಬರಿದಾಗಿದ್ದುವು. ನಾನು ಕಾವ್ಯವನ್ನು ಕೇಳಲಿಲ್ಲ. ಆ ಕುರ್ಚಿಗಳನ್ನೇ ಎಣಿಸುತ್ತ ಕುಳಿತಿದ್ದೆನು.

ಹಣದ ಪ್ರಯಾಣ

ಮರುದಿನ ಬ್ಯಾಂಕಿನಲ್ಲಿ ಕೆಲಸಮಾಡುವ ನನ್ನ ಸೋದರಳಿಯನನ್ನು ಕೂರಿಸಿಕೊಂಡು, ಹಣವು ಯಾವ ಹಾದಿಯಲ್ಲಿ ಬರುತ್ತದೆಂಬುದನ್ನು ತಿಳಿಸಬೇಕೆಂದು ಕೇಳಿದೆನು. ಅವನು ಕಾಗದದ ಮೇಲೆ ಗೆರೆಗಳನ್ನೆಳೆದು ಹೇಳಿದ್ದನ್ನು ನನ್ನ ಮಾತುಗಳಲ್ಲಿ ಹೇಳುತ್ತೇನೆ.

ಹಿಂದೆ ಮನಿಯಾರ್ಡರು ಕಳುಹಿಸುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಹಣ ಕಟ್ಟಿದ ದಿನವೇ ನಮ್ಮ ಕೆಲಸ ಮುಗಿಯುತ್ತಿರಲಿಲ್ಲ. ಪಡೆದವರು ಸಹಿ ಮಾಡಿದ ಚೀಟಿಯ ತುಂಡು ಅಂಚೆಯವನ ಕೈಯಲ್ಲಿ ಮರಳಿ ಬಂದಾಗಲೇ ಮನಸ್ಸಿಗೆ ಸಮಾಧಾನ. ಅಂದರೆ ಹಣಕ್ಕೆ ಹೋಗುವ ಹಾದಿಯೊಂದು, ಉತ್ತರಕ್ಕೆ ಬರುವ ಹಾದಿಯೊಂದು. ಈಗಿನ ವ್ಯವಸ್ಥೆಯೂ ಹೀಗೆಯೇ. ವೇಗವು ಮಾತ್ರ ಬೇರೆ.

ಯು.ಪಿ.ಐ. ಎಂಬ ಪದ್ಧತಿಯನ್ನು ೨೦೦೮ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ೨೦೧೬ರಲ್ಲಿ ಆರಂಭಿಸಿತು. ಕೊಳ್ಳುವವನು ಮೊಬೈಲಿನಲ್ಲಿ ತನ್ನ ಗುಪ್ತಸಂಖ್ಯೆಯನ್ನು ಒತ್ತಿದೊಡನೆ ಆಜ್ಞೆಯು ಪಾವತಿ ಆ್ಯಪಿನಿಂದ ಆ ಆ್ಯಪಿನ ಹಿಂದಿರುವ ಬ್ಯಾಂಕಿಗೆ, ಅಲ್ಲಿಂದ ನಿಗಮದ ಕೇಂದ್ರಕ್ಕೆ, ಅಲ್ಲಿಂದ ಕೊಳ್ಳುವವನ ಖಾತೆಯಿರುವ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕು ಖಾತೆಯಿಂದ ಹಣವನ್ನು ಕಳೆಯುತ್ತದೆ. ಬಳಿಕ ಕೇಂದ್ರವು ಮಾರುವವನ ಕಡೆಯ ಬ್ಯಾಂಕಿಗೆ ಜಮಾ ಮಾಡೆಂದು ಹೇಳುತ್ತದೆ. ಅದು ಮಾಡಿದೆನೆಂದು ಹೇಳಿದ ಮೇಲೆ ಆ ಸಮಾಚಾರವು ಎರಡು ಕಡೆಗೂ ಹಿಂದಿರುಗುತ್ತದೆ. ಮಾರುವವನಿಗೂ ಬ್ಯಾಂಕಿಗೂ ನಡುವೆ ಪೇಮೆಂಟ್ ಗೇಟ್‌ವೇ ಎಂಬ ಮಧ್ಯಸ್ಥನಿರುತ್ತಾನೆ. ನಾನು ನೋಡುತ್ತಿದ್ದ ಪಟ್ಟಿಯು ಈ ಮಧ್ಯಸ್ಥನದು. ಇಷ್ಟು ಕೈಗಳನ್ನು ದಾಟಿ ಉತ್ತರ ಬರುವುದಕ್ಕೆ ಸಾಮಾನ್ಯವಾಗಿ ಕೆಲವು ಕ್ಷಣಗಳು ಸಾಕು. ಆದರೆ ಹಣ ಕಳೆದ ಮೇಲೆ, ಉತ್ತರ ಬರುವ ಮುನ್ನ, ನಡುವಣ ಯಾವುದಾದರೊಂದು ಕೊಂಡಿ ಕಳಚಿತೆಂದರೆ ಕೊಳ್ಳುವವನಿಗೆ ‘ಹಣ ಹೋಯಿತು’ ಎಂಬ ಸಂದೇಶವೂ ಮಾರುವವನಿಗೆ ‘ಅಪೂರ್ಣ’ವೆಂಬ ಸಾಲೂ ಒಟ್ಟಿಗೆ ಕಾಣುತ್ತವೆ.

ಆದುದರಿಂದ ನನ್ನ ಶಿಷ್ಯರು ಹೇಳಿದ್ದೂ ನಿಜ. ನನ್ನ ಪಟ್ಟಿ ಹೇಳಿದ್ದೂ ನಿಜ. ಇಬ್ಬರು ಸತ್ಯವನ್ನೇ ಹೇಳುತ್ತಿರುವಾಗ ಒಬ್ಬನು ಸುಳ್ಳನೆಂದು ತೋರುವುದು ಈ ಯಂತ್ರಯುಗದ ಒಂದು ವಿಚಿತ್ರ.

ಕಾರ್ಡಿನ ಮೂಲಕ ಕೊಡುವಾಗಲೂ ಇಂಥ ಸ್ಥಿತಿ ಒದಗುತ್ತದೆ. ಕಾರ್ಡಿನ ಮೇಲಿರುವ ಸಂಖ್ಯೆಯನ್ನು ಬಲ್ಲವರೆಲ್ಲ ಹಣ ತೆಗೆಯಬಾರದೆಂದು ರಿಜರ್ವ್ ಬ್ಯಾಂಕು ೨೦೦೯ರ ಆಗಸ್ಟ್ ೧ರಿಂದ ಆನ್‌ಲೈನ್ ವ್ಯವಹಾರಕ್ಕೆ ಎರಡನೆಯ ಪರಿಶೀಲನೆಯೊಂದನ್ನು ಕಡ್ಡಾಯಗೊಳಿಸಿತು. ಮೊಬೈಲಿಗೆ ಬರುವ ಒ.ಟಿ.ಪಿ. ಎಂಬ ಕ್ಷಣಿಕ ಸಂಖ್ಯೆಯು ನಮಗೆ ಪರಿಚಿತವಾದುದು ಹೀಗೆ. ಇದು ಒಳ್ಳೆಯ ಕಾವಲೇ ಸರಿ. ಆದರೆ ಕಾವಲುಗಾರನಿದ್ದ ಕಡೆ ಒಳ್ಳೆಯವನಿಗೂ ತಡವಾಗುವುದುಂಟು. ಸಂಖ್ಯೆ ಬರುವುದರೊಳಗೆ ಗಡುವು ತೀರುತ್ತದೆ. ಮಗನ ಮೊಬೈಲಿಗೆ ಸಂಖ್ಯೆ ಬಂದು ಮಗನು ಕೆಲಸದಲ್ಲಿರುತ್ತಾನೆ. ಕನ್ನಡಕ ಹುಡುಕುವಷ್ಟರಲ್ಲಿ ಪುಟ ಮುಚ್ಚಿಕೊಳ್ಳುತ್ತದೆ. ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರುತ್ತದೆ.

ಪಟ್ಟಿಯ ವ್ಯಾಕರಣ

ಸಂಸ್ಕೃತವನ್ನು ಪಾಠಹೇಳಿದವನಿಗೆ ಶಬ್ದಾರ್ಥಗಳನ್ನು ಬಿಡಿಸದೆ ಸಮಾಧಾನವಿಲ್ಲ. ಆರಂಭವಾಗಿಯೂ ಇನ್ನೂ ಪರಿಸಮಾಪ್ತಿಯಾಗದ ಕಾಲವನ್ನು ವರ್ತಮಾನವೆಂದು ನಮ್ಮ ವೈಯಾಕರಣರು ಲಕ್ಷಣ ಹೇಳಿದರು. ‘ಅಪೂರ್ಣ’ವೆಂಬ ಸಾಲು ಈ ಅರ್ಥದಲ್ಲಿ ವರ್ತಮಾನಕಾಲದ ಕ್ರಿಯಾಪದ. ಅದನ್ನು ನಾನು ಭೂತಕಾಲವೆಂದು ಓದಿದೆನು. ‘ಕೊಡುತ್ತಿದ್ದಾನೆ’ ಎಂಬುದನ್ನು ‘ಕೊಡಲಿಲ್ಲ’ ಎಂದು ಅರ್ಥಮಾಡಿದೆನು. ನನ್ನ ವಿದ್ಯಾರ್ಥಿಯೊಬ್ಬನು ಹೀಗೆ ಮಾಡಿದ್ದರೆ ಅಂಕ ಕಳೆಯದೆ ಬಿಡುತ್ತಿರಲಿಲ್ಲ.

ಇಂಥ ಪಟ್ಟಿಗಳಲ್ಲಿ ಕಾಣುವ ಮಾತುಗಳು ಬೇರೆ ಬೇರೆ ಮಧ್ಯಸ್ಥರಲ್ಲಿ ಕೊಂಚ ವ್ಯತ್ಯಾಸವಾಗಬಹುದಾದರೂ ಅವುಗಳ ತಾತ್ಪರ್ಯವು ಈ ಆರು ಬಗೆಗಳಲ್ಲಿ ಅಡಗುತ್ತದೆ.

ಮೊದಲನೆಯದು, ‘ಸೃಷ್ಟಿಯಾಗಿದೆ’ ಎಂಬುದು. ಒಬ್ಬನು ಕುರ್ಚಿಗಳನ್ನು ಆರಿಸಿ, ಹೆಸರು ಬರೆದು, ಹಣಕೊಡುವ ಪುಟದವರೆಗೆ ಬಂದನೆಂದಷ್ಟೇ ಇದರ ಅರ್ಥ. ಇದು ಸಂಕಲ್ಪ ಮಾತ್ರ. ಹಣವು ಕದಲಿಯೇ ಇಲ್ಲ. ಅಂಗಡಿಗೆ ಹೋಗಿ ಸೀರೆಯ ಬೆಲೆ ಕೇಳಿ ಬರುವ ಗೃಹಿಣಿಯನ್ನು ಯಾರೂ ಸಾಲಗಾರಳೆನ್ನುವುದಿಲ್ಲವಷ್ಟೆ.

ಎರಡನೆಯದು, ‘ಬಾಕಿ’ ಅಥವಾ ‘ಅಪೂರ್ಣ’. ಹಣ ಕೊಡುವ ಪ್ರಯತ್ನವು ನಡೆದಿದೆ, ಉತ್ತರ ಬಂದಿಲ್ಲ. ಹಣ ಕದಲಿರಬಹುದು, ಕದಲದೆಯೂ ಇರಬಹುದು. ಇಲ್ಲಿ ತೀರ್ಪು ಕೊಡತಕ್ಕದ್ದಲ್ಲ, ಕಾಯತಕ್ಕದ್ದು.

ಮೂರನೆಯದು, ‘ವಿಫಲ’. ಗುಪ್ತಸಂಖ್ಯೆ ತಪ್ಪಿತು, ಖಾತೆಯಲ್ಲಿ ಹಣ ಸಾಲಲಿಲ್ಲ, ದಿನದ ಮಿತಿ ಮೀರಿತು, ಗಡುವು ಕಳೆಯಿತು, ಬ್ಯಾಂಕು ಉತ್ತರಿಸಲಿಲ್ಲ ಎಂಬ ಕಾರಣಗಳಲ್ಲೊಂದು ಸಾಮಾನ್ಯವಾಗಿ ಜೊತೆಗೇ ಬರೆದಿರುತ್ತದೆ. ಆ ಕಾರಣವನ್ನು ಓದದೆ ಸಾಲನ್ನು ಓದಬಾರದು. ಕೊನೆಯ ಎರಡು ಕಾರಣಗಳಿದ್ದಲ್ಲಿ, ‘ವಿಫಲ’ವೆಂದು ಬರೆದ ಮೇಲೆಯೂ ಬ್ಯಾಂಕಿನ ಉತ್ತರವು ತಡವಾಗಿ ಬಂದು ಹಣ ಸಲ್ಲುವುದುಂಟು.

ನಾಲ್ಕನೆಯದು, ‘ಅನುಮತಿ ದೊರೆತಿದೆ’. ಕೊಳ್ಳುವವನ ಬ್ಯಾಂಕು ಹಣವನ್ನು ಎತ್ತಿಟ್ಟಿದೆ. ಮಾರುವವನು ಅದನ್ನು ಸ್ವೀಕರಿಸಬೇಕು. ಐದನೆಯದು, ‘ಸ್ವೀಕೃತ’. ಇದೇ ಪೂರ್ಣವಾದ ಸಂದಾಯ. ದಾನವೆಂದರೆ ಒಬ್ಬನ ಸ್ವಾಮ್ಯವು ನಿವೃತ್ತಿಯಾಗಿ ಮತ್ತೊಬ್ಬನ ಸ್ವಾಮ್ಯವು ಉಂಟಾಗುವುದೆಂದು ನಮ್ಮ ಧರ್ಮಶಾಸ್ತ್ರಜ್ಞರು ಹೇಳುವರು. ಮೊದಲನೆಯ ಅರ್ಧವು ನಡೆದು ಎರಡನೆಯ ಅರ್ಧವು ನಡೆಯದಿದ್ದರೆ ಅದು ದಾನವಾಗಲಿಲ್ಲ. ಅನುಮತಿ ದೊರೆತ ಹಣವನ್ನು ಮಾರುವವನು ಗಡುವಿನೊಳಗೆ ಸ್ವೀಕರಿಸದಿದ್ದರೆ ಅದು ಕೊಟ್ಟವನಿಗೇ ಹಿಂದಿರುಗುತ್ತದೆ. ಆರನೆಯದು, ‘ಮರಳಿಸಲಾಗಿದೆ’, ಇದರ ಅರ್ಥವು ಸ್ಪಷ್ಟ.

ನಾಲ್ವತ್ತೊಂದು ಸಾಲುಗಳು, ಎಂಟು ಮಂದಿ

ಈ ವ್ಯಾಕರಣವನ್ನು ಹಿಡಿದು ನಮ್ಮ ಪಟ್ಟಿಯನ್ನು ಮತ್ತೆ ಓದಿದೆನು. ಮೊದಲು ದೂರವಾಣಿಯ ಸಂಖ್ಯೆಗಳನ್ನು ಜೋಡಿಸಿದೆನು. ನಾಲ್ವತ್ತೊಂದು ಸಾಲುಗಳಲ್ಲಿ ಇದ್ದವರು ಇಪ್ಪತ್ತಮೂರು ಮಂದಿ ಮಾತ್ರ. ಒಬ್ಬ ಗೃಹಸ್ಥರು ಮಳೆಯ ಸಂಜೆಯೊಂದರಲ್ಲಿ ನಾಲ್ಕು ಸಲ ಪ್ರಯತ್ನಿಸಿದ್ದರು. ಅವರ ಪಾಲಿಗೆ ನಾಲ್ಕು ಸಾಲು. ಇವರನ್ನು ನಾನು ನಾಲ್ವರು ಚಪಲಚಿತ್ತರೆಂದು ಎಣಿಸಿದ್ದೆನು. ನಿಜಕ್ಕೂ ಅವರಷ್ಟು ದೃಢಚಿತ್ತರು ಊರಿನಲ್ಲಿ ಮತ್ತೊಬ್ಬರಿರಲಿಲ್ಲ!

ತರುವಾಯ ಈ ಇಪ್ಪತ್ತಮೂರು ಸಂಖ್ಯೆಗಳನ್ನು ಪೂರ್ಣ ಸಂದಾಯದ ಪಟ್ಟಿಯೊಡನೆ ಹೋಲಿಸಿದೆನು. ಹದಿನೈದು ಮಂದಿ ಅದೇ ದಿನ ಇಲ್ಲವೆ ಮರುದಿನ ಟಿಕೀಟು ಕೊಂಡೇ ಇದ್ದರು. ಉಳಿದವರು ಎಂಟು ಮಂದಿ. ಅವರಲ್ಲಿ ಆರು ಮಂದಿಯ ಹಣವು ಕದಲಿರಲಿಲ್ಲ. ಇನ್ನಿಬ್ಬರ ಹಣ ಮಾತ್ರ ಖಾತೆಯಿಂದ ಹೊರಟು ನಮ್ಮನ್ನು ಸೇರದೆ ಉಳಿದಿತ್ತು. ಆ ಇಬ್ಬರಲ್ಲಿ ಒಬ್ಬರು ನನ್ನ ಶಿಷ್ಯರು. ಮತ್ತೊಬ್ಬರ ಹಣವು ಕಾರ್ಯಕ್ರಮ ಮುಗಿದ ಮರುದಿನ ನಮಗೆ ಬಂದು ಸೇರಿತು. ಅವರು ಆಗಲಿಲ್ಲವೆಂದು ತಿಳಿದು ಮನೆಯಲ್ಲಿಯೇ ಉಳಿದಿದ್ದರು. ಅವರ ಹಣವನ್ನು ಮರಳಿಸಿದೆವು.

ಸಾಲುಗಳನ್ನೆಣಿಸುವುದು ಬೇರೆ, ಮನುಷ್ಯರನ್ನೆಣಿಸುವುದು ಬೇರೆ. ನಾಲ್ವತ್ತೊಂದೆಂದು ನಾನು ಮರುಗಿದ ನಷ್ಟವು ನಿಜವಾಗಿ ಎಂಟು. ಅದರಲ್ಲಿ ನಮ್ಮ ವಿವೇಚನೆಯನ್ನು ಬೇಡುತ್ತಿದ್ದವು ಎರಡೇ. ಆ ಎರಡನ್ನು ಮುನ್ನವೇ ಬೇರ್ಪಡಿಸಿದ್ದರೆ ಬಾಗಿಲಲ್ಲಿ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಹಣ ಕದಲದಿದ್ದ ಆರು ಮಂದಿಯ ಸಾಲುಗಳೂ ಒಂದು ಪಾಠವನ್ನು ಕಲಿಸಿದುವು. ಇನ್ನೂರು ರೂಪಾಯಿಯೆಂದು ಹೇಳಿ, ಕೊನೆಯ ಪುಟದಲ್ಲಿ ಸೇವಾಶುಲ್ಕವೆಂದು ಮತ್ತಷ್ಟು ಸೇರಿಸಿ ತೋರಿಸುತ್ತಿದ್ದೆವು. ಅಲ್ಲಿಗೆ ಬಂದು ಕೆಲವರು ನಿಂತುಬಿಟ್ಟರೆ ಆಶ್ಚರ್ಯವೇನು? ಬೆಲೆಯನ್ನು ಮೊದಲೇ ಪೂರ್ತಿಯಾಗಿ ಹೇಳುವುದು ವ್ಯಾಪಾರದ ಮರ್ಯಾದೆ. ಮುಂದಿನ ಸಲ ಹಾಗೆಯೇ ಮಾಡಿದೆವು.

ಹೋದ ಹಣ ಎಲ್ಲಿರುತ್ತದೆ?

ಇನ್ನು ಗೃಹಸ್ಥರೆಲ್ಲ ತಿಳಿದಿರತಕ್ಕ ಒಂದು ನಿಯಮವನ್ನು ಹೇಳುತ್ತೇನೆ. ಹೀಗೆ ನಡುದಾರಿಯಲ್ಲಿ ನಿಂತ ಹಣದ ವಿಷಯವಾಗಿ ರಿಜರ್ವ್ ಬ್ಯಾಂಕು ೨೦೧೯ರ ಸೆಪ್ಟೆಂಬರ್ ೨೦ರಂದು ಒಂದು ಸುತ್ತೋಲೆಯನ್ನು ಹೊರಡಿಸಿತು. ಯು.ಪಿ.ಐ. ಮೂಲಕವಾಗಲಿ ಕಾರ್ಡಿನ ಮೂಲಕವಾಗಲಿ ವ್ಯಾಪಾರಿಗೆ ಹಣ ಕೊಡುವಾಗ, ಖಾತೆಯಿಂದ ಹಣ ಕಳೆದು ವ್ಯಾಪಾರಿಯ ಬಳಿಗೆ ದೃಢೀಕರಣವು ಬಾರದಿದ್ದರೆ, ಆ ದಿನದಿಂದ ಐದು ದಿನಗಳೊಳಗೆ ಆ ಹಣವು ತಾನಾಗಿಯೇ ಕೊಟ್ಟವನ ಖಾತೆಗೆ ಮರಳತಕ್ಕದ್ದು. ಅದಕ್ಕಿಂತ ತಡವಾದರೆ ದಿನವೊಂದಕ್ಕೆ ೧೦೦ ರೂಪಾಯಿಯಂತೆ ಪರಿಹಾರವನ್ನು ಕೊಡತಕ್ಕದ್ದು. ಗ್ರಾಹಕನು ದೂರು ಕೊಡಲಿ ಬಿಡಲಿ, ಈ ಪರಿಹಾರವು ಅವನಿಗೆ ಸಲ್ಲತಕ್ಕದ್ದೆಂಬುದು ಅದರ ಆಶಯ.

ಆದುದರಿಂದ ಹಣ ಹೋಯಿತೆಂದು ಗಾಬರಿಪಡಬೇಕಾದುದಿಲ್ಲ. ಯು.ಪಿ.ಐ. ವ್ಯವಹಾರಕ್ಕೆ ಹನ್ನೆರಡು ಅಂಕಿಗಳ ಒಂದು ಉಲ್ಲೇಖ ಸಂಖ್ಯೆಯಿರುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಐದು ದಿನ ಕಳೆದರೂ ಹಣ ಬಾರದಿದ್ದರೆ ಆ ಸಂಖ್ಯೆಯೊಡನೆ ತಮ್ಮ ಬ್ಯಾಂಕಿಗೆ ದೂರು ಕೊಡಬೇಕು. ಮೂವತ್ತು ದಿನಗಳೊಳಗೆ ಬ್ಯಾಂಕು ಉತ್ತರಿಸದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಎಂಬ ಅಧಿಕಾರಿಯಲ್ಲಿ ಮೊರೆಯಿಡಬಹುದು.

ಮಾರುವವರು ಇಲ್ಲೊಂದು ಎಚ್ಚರವನ್ನು ವಹಿಸಬೇಕು. ನಮ್ಮ ಕೈಗೆ ಬಾರದ ಹಣವನ್ನು ಕರುಣೆಯಿಂದ ನಾವೇ ಮರಳಿಸಹೋದರೆ, ಬ್ಯಾಂಕಿನಿಂದಲೂ ಮರಳಿ ಅದು ಎರಡು ಸಲ ಕೊಟ್ಟಂತಾಗುತ್ತದೆ. ಸ್ವೀಕೃತವಾದುದನ್ನು ಮಾತ್ರ ನಾವು ಮರಳಿಸಬಲ್ಲೆವು. ಅಪೂರ್ಣವಾದುದನ್ನು ಮರಳಿಸತಕ್ಕವರು ಬ್ಯಾಂಕಿನವರು.

ಮೋಸಗಾರರೂ ಈ ಗೊಂದಲದ ನೆರಳಿನಲ್ಲಿ ಹೊಂಚುಹಾಕುತ್ತಾರೆ. “ನಿಮ್ಮ ಹಣ ಸಿಕ್ಕಿಕೊಂಡಿದೆ, ಮರಳಿಸುತ್ತೇವೆ, ಗುಪ್ತಸಂಖ್ಯೆಯನ್ನು ಒತ್ತಿ” ಎಂದು ಯಾರಾದರೂ ಕರೆಮಾಡಿದರೆ ಮನೆಯವರು ಒಂದೇ ಮಾತನ್ನು ನೆನಪಿಡಬೇಕು: ಯು.ಪಿ.ಐ. ಗುಪ್ತಸಂಖ್ಯೆಯನ್ನು ಒತ್ತುವುದು ಹಣವನ್ನು ಕೊಡುವುದಕ್ಕೆ. ಪಡೆಯುವುದಕ್ಕೆ ಅದು ಎಂದೂ ಬೇಡ. ಮೋಸಹೋದವರು ತಡಮಾಡದೆ ೧೯೩೦ ಎಂಬ ಸರ್ಕಾರದ ಸಹಾಯವಾಣಿಗೆ ತಿಳಿಸಬೇಕು.

ಬಾಗಿಲಲ್ಲಿ ನಿಂತವನ ಧರ್ಮ

ಹಾಗಾದರೆ ಹಣ ಕಳೆದಿದೆಯೆಂದು ಮೊಬೈಲು ತೋರಿಸಿದವರನ್ನೆಲ್ಲ ಒಳಗೆ ಬಿಡಬೇಕೆ? ನ್ಯಾಯವಾದ ಪ್ರಶ್ನೆ. ಸಂದೇಶದ ಚಿತ್ರವನ್ನು ಕೃತ್ರಿಮವಾಗಿ ಮಾಡಬಲ್ಲವರಿದ್ದಾರೆ. ಚಿತ್ರವು ಹಣವಲ್ಲ, ಟಿಕೀಟೂ ಅಲ್ಲ. ಆದರೆ ಚಿತ್ರವು ಪ್ರಮಾಣವಲ್ಲವೆಂಬುದಕ್ಕೂ ಅದನ್ನು ತೋರಿಸಿದವನು ಸುಳ್ಳನೆಂಬುದಕ್ಕೂ ನಡುವೆ ಬಹಳ ದೂರವಿದೆ. ಆ ದೂರದಲ್ಲಿ ನಿಲ್ಲುವುದಕ್ಕೆ ಸ್ಥಳವಿದೆಯೆಂಬುದನ್ನು ನಾನು ಆ ಸಂಜೆ ಮರೆತೆನು.

ನಮ್ಮ ಸಂಘದವರು ಈಗ ಅನುಸರಿಸುತ್ತಿರುವ ಕ್ರಮ ಇಷ್ಟು. ಹಣಕೊಡುವ ಪುಟಕ್ಕೆ ಬಂದವರಿಗೆ ಹತ್ತು ನಿಮಿಷ ಕುರ್ಚಿಯನ್ನು ಕಾದಿರಿಸುತ್ತೇವೆ. ಆ ಬಳಿಕ ಅದು ಮತ್ತೊಬ್ಬರಿಗೆ ಸಲ್ಲುತ್ತದೆ. ಅಪೂರ್ಣ ಸಾಲುಗಳನ್ನು ಮಾರಾಟದ ಲೆಕ್ಕಕ್ಕೆ ಸೇರಿಸುವುದಿಲ್ಲ, ನಷ್ಟದ ಲೆಕ್ಕಕ್ಕೂ ಸೇರಿಸುವುದಿಲ್ಲ. ಪ್ರತಿದಿನ ಸಂಜೆ ಸಾಲುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ, ಟಿಕೀಟು ಕೊಂಡವರನ್ನು ಹೊಡೆದುಹಾಕಿ, ಉಳಿದವರಿಗೆ ಒಂದೇ ಒಂದು ಸಲ ಸೌಜನ್ಯದ ಸಂದೇಶವನ್ನು ಕಳುಹುತ್ತೇವೆ: ‘ತಮ್ಮ ಸಂದಾಯವು ಪೂರ್ಣವಾದುದು ನಮಗೆ ಕಾಣಲಿಲ್ಲ. ಖಾತೆಯಿಂದ ಹಣ ಕಳೆದಿದ್ದರೆ ಐದು ದಿನಗಳೊಳಗೆ ತಮಗೇ ಮರಳುತ್ತದೆ. ಮತ್ತೊಮ್ಮೆ ಕೊಡುವ ಮೊದಲು ದಯಮಾಡಿ ಖಾತೆಯನ್ನು ನೋಡಿಕೊಳ್ಳಿರಿ.’ ಒಂದಕ್ಕಿಂತ ಹೆಚ್ಚು ಸಲ ಕೇಳುವುದು ಸಾಲಗಾರನ ಬೆನ್ನುಹತ್ತಿದಂತೆ. ಅವರು ನಮಗೆ ಏನನ್ನೂ ಕೊಡಬೇಕಾಗಿಲ್ಲ. ಆ ಪಟ್ಟಿಯನ್ನು ಯಾರ ಕಣ್ಣಿಗೂ ಬೀಳದಂತೆ ಇಡುತ್ತೇವೆ. ಒಬ್ಬರ ಖಾತೆಯಲ್ಲಿ ಹಣ ಸಾಲಲಿಲ್ಲವೆಂಬುದು ನೆರೆಹೊರೆಯವರಿಗೆ ತಿಳಿಯತಕ್ಕ ವಿಷಯವಲ್ಲ.

ಬಾಗಿಲಲ್ಲಿ ಯಾರಾದರೂ ಹಣ ಹೋಗಿದೆಯೆಂದು ಹೇಳಿದರೆ ಪಕ್ಕಕ್ಕೆ ಕರೆದು ಉಲ್ಲೇಖ ಸಂಖ್ಯೆಯನ್ನು ಬರೆದುಕೊಳ್ಳುತ್ತೇವೆ. ಪಟ್ಟಿಯಲ್ಲಿ ಅವರ ಪ್ರಯತ್ನದ ಗುರುತಿದ್ದು, ಒಳಗೆ ಕುರ್ಚಿ ಬರಿದಿದ್ದರೆ ಕೂರಿಸುತ್ತೇವೆ. ಹಣವು ಅವರಿಗೆ ಮರಳಿದರೆ ಆಮೇಲೆ ಕೊಡಲಿ. ಇದುವರೆಗೆ ಹೀಗೆ ಕೂರಿಸಿದವರಲ್ಲಿ ಯಾರೂ ಕೊಡದೆ ಉಳಿದಿಲ್ಲ. ಒಂದು ವೇಳೆ ಯಾರಾದರೂ ಉಳಿದರೂ ಸಂಘಕ್ಕೆ ಇನ್ನೂರು ರೂಪಾಯಿ ನಷ್ಟ. ಸತ್ಯವಂತನೊಬ್ಬನನ್ನು ಹತ್ತು ಜನರ ಮುಂದೆ ಹಿಂದಿರುಗಿಸಿದರೆ ಆಗುವ ನಷ್ಟವನ್ನು ಯಾವ ಖಜಾಂಚಿಯೂ ಲೆಕ್ಕಕ್ಕೆ ಬರೆಯಲಾರನು.

ಜಗುಲಿಯ ಮೇಲೆ

ನಾಲ್ಕನೆಯ ದಿನ ನನ್ನ ಶಿಷ್ಯರ ಹಣವು ಅವರ ಖಾತೆಗೆ ಮರಳಿತೆಂದು ತಿಳಿಯಿತು. ಅವರೇ ಅದನ್ನು ನನಗೆ ತಿಳಿಸಿ, “ತಮ್ಮ ಪಟ್ಟಿ ಸರಿಯಾಗಿಯೇ ಇತ್ತು, ಸಾರ್” ಎಂದು ಬರೆದಿದ್ದರು. ಆ ಸಂದೇಶದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಸಂಜೆಯೇ ಅವರ ಮನೆಗೆ ಹೋದೆನು. ಪಟ್ಟಿ ಸರಿಯಾಗಿತ್ತು, ಓದಿದವನು ತಪ್ಪಿದನೆಂದು ಒಪ್ಪಿಕೊಂಡೆನು. ಮುಂದಿನ ಕಾರ್ಯಕ್ರಮಕ್ಕೆ ನಾಲ್ಕು ಟಿಕೀಟುಗಳನ್ನು ಒಯ್ದಿದ್ದೆನು, ಅವರು ಬೇಡವೆಂದರು. ಒಳಗಿನಿಂದ ತಾಯಿಯವರು ಗೋಡೆ ಹಿಡಿದುಕೊಂಡು ಬಂದು ಕುಳಿತರು. ಮಾತಿನ ನಡುವೆ ತಿಳಿದ ಸಂಗತಿಯಿದು: ಚಿಕ್ಕಂದಿನಲ್ಲಿ ಅವರ ತಂದೆ ರಾತ್ರಿ ದೀಪದ ಬೆಳಕಿನಲ್ಲಿ ಭಾರತ ಓದುತ್ತಿದ್ದರಂತೆ. ಕಣ್ಣು ಮಂದವಾದ ಮೇಲೆ ಕೇಳುವ ಆಸೆ ಹೆಚ್ಚಾಗಿ, ಆ ದಿನ ಮಗನನ್ನು ಅವರೇ ಹೊರಡಿಸಿದ್ದರು. “ಅವತ್ತು ಯಾವ ಭಾಗ ಓದಿದರು, ಮೇಷ್ಟ್ರೇ?” ಎಂದು ಕೇಳಿದರು.

ಕರ್ಣನ ಪ್ರಸಂಗವೆಂದು ಹೇಳಿದೆನು. ಅಷ್ಟು ಹೇಳಿ ಎದ್ದುಬರಲು ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿ ಪುಸ್ತಕವಿದೆಯೇ ಎಂದೆನು. ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಹಳೆಯ ಪ್ರತಿಯೊಂದನ್ನು ಮೊಮ್ಮಗಳು ತಂದಳು. ನಾನು ಗಮಕಿಯಲ್ಲ, ನನ್ನ ಕಂಠವು ಪಾಠಶಾಲೆಯ ಸೀಮೆಸುಣ್ಣದ ಪುಡಿಯಲ್ಲಿ ಸವೆದುಹೋದದ್ದು. ಆದರೂ ಜಗುಲಿಯ ಮೇಲೆ ಕುಳಿತು ಕತ್ತಲಾಗುವವರೆಗೆ ಓದಿ ಅರ್ಥ ಹೇಳಿದೆನು. ವೃದ್ಧೆಯು ಕಣ್ಣುಮುಚ್ಚಿ ಕೇಳಿದರು. ಕೆಲವು ಕಡೆ ನಾನು ತಡವರಿಸಿದಾಗ ಮುಂದಿನ ಪದವನ್ನು ಅವರೇ ಹೇಳಿಕೊಟ್ಟರು.

ಅಂದಿನಿಂದ ತಿಂಗಳಿಗೆರಡು ಸಲ ಆ ಜಗುಲಿಗೆ ಹೋಗುತ್ತಿದ್ದೇನೆ. ಉದ್ಯೋಗಪರ್ವವು ಮುಗಿಯುತ್ತ ಬಂದಿದೆ. ನನ್ನ ಸಂದಾಯವಿನ್ನೂ ಪೂರ್ಣವಾಗಿಲ್ಲ. ಆದರೆ ಅಪೂರ್ಣವೆಂಬ ಮಾತಿಗೆ ನಾನೀಗ ಹೆದರುವುದಿಲ್ಲ. ಅದು ವರ್ತಮಾನಕಾಲವೆಂಬುದನ್ನು ಕಲಿತಿದ್ದೇನಷ್ಟೆ.